ನಿಲ್ಲುವ ಕಲ್ಲು

ಗೂಟ ಕಿತ್ತದ್ದು ನಾನೇ. ಏಳು ಗೂಟ. ಯಾರು ಕಿತ್ತರು ಎಂದು ಕಚೇರಿಯವರು ಹುಡುಕುವ ಪ್ರಮೇಯವೇ ಬರಲಿಲ್ಲ. ಅವನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿ ಸರ್ವೆಯವನ ಮೇಜಿನ ಮೇಲೆ ಸುರಿದವಳೂ ನಾನೇ.

ನಾನು ನೆಲದ ಕಾವಲಿನವಳು. ಈ ಗುಡ್ಡಗಳಲ್ಲಿ ನಮ್ಮ ಜನ ರಸ್ತೆ, ಕಚೇರಿ, ಕಾಗದ ಇವೆಲ್ಲ ಹುಟ್ಟುವ ಮೊದಲಿನಿಂದ ಇದ್ದಾರೆ. ಆರು ವರ್ಷದ ಹಿಂದೆ ಇಲಾಖೆಯವರು ನಮ್ಮಲ್ಲಿ ನಾಲ್ವರನ್ನು ಆರಿಸಿ, ಹಸಿರು ಅಂಗಿ, ಒಂದು ಜೊತೆ ಬೂಟು, ಅಂಗೈಯಗಲದ ಒಂದು ಜಿಪಿಎಸ್ ಯಂತ್ರ ಕೊಟ್ಟು, ನಮ್ಮ ಅಜ್ಜಂದಿರು ಅಂಗಿಯಿಲ್ಲದೆ ಮಾಡುತ್ತಿದ್ದ ಕೆಲಸವನ್ನೇ ಮಾಡಲು ಹೇಳಿದರು. ಹುಲ್ಲು ಕತ್ತರಿಸಿ ಬೆಂಕಿಗೆ ಅಡ್ಡಪಟ್ಟಿ ಬಿಡುವುದು, ಬೆಂಕಿ ಬಿದ್ದರೆ ಆರಿಸುವುದು, ಹೊಳೆಯ ನೀರಿನ ಮಟ್ಟ ಅಳೆದು ಬರೆಯುವುದು, ಗೂಡು ಕಟ್ಟಿದ ಹಕ್ಕಿಗಳನ್ನು ಎಣಿಸುವುದು, ಹಿರಿಯರ ಜಾಗಗಳಿಗೆ ಯಾರೂ ಕೈಹಾಕದಂತೆ ನೋಡಿಕೊಳ್ಳುವುದು. ನಾಲ್ವರಿಗೂ ನಾನೇ ಮುಖ್ಯಸ್ಥೆ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದ್ದು ಸಾಕಾಯಿತು. ನನ್ನ ಅಕ್ಷರ ದುಂಡಗಿದೆ, ಬಾಯಿ ಜೋರಿದೆ. ಇಲಾಖೆಗೆ ಎರಡೂ ಬೇಕಿತ್ತು.

ಆ ಸೋಮವಾರ ಬೆಳಿಗ್ಗೆ ಮೈದುನನ ಜೊತೆ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಗಸ್ತು ಹೊರಟಿದ್ದೆ. ಮೈದುನ ಎಂದರೆ ನನ್ನ ಗಂಡನ ತಮ್ಮ. ನನಗಿಂತ ಎರಡು ವರ್ಷ ಚಿಕ್ಕವನು, ಮಾತು ಕಡಿಮೆ, ಆಡಿದರೆ ಚುಚ್ಚುಮಾತು. ಹುಲ್ಲಿನ ನಡುವೆ ಮೊದಲ ಗೂಟ ಕಂಡವನು ಅವನೇ. ಮೊಣಕಾಲೆತ್ತರದ ಮರದ ಗೂಟ, ತುದಿಗೆ ಕೆಂಪು ಪಟ್ಟಿ. ಇಪ್ಪತ್ತು ಹೆಜ್ಜೆ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು. ಹೊಸ ರಸ್ತೆ ಬರುವುದು ನಮಗೆ ಗೊತ್ತಿತ್ತು. ಅದು ನಮ್ಮ ಜಾಗಗಳನ್ನು ಬಳಸಿಕೊಂಡು ಹೋಗುತ್ತದೆ ಎಂದು ಸಭೆ ಕರೆದು ಮಾತು ಕೊಟ್ಟಿದ್ದರು. ಅದಕ್ಕೆಂದೇ ಹನ್ನೊಂದು ಜಾಗಗಳ ಗುರುತನ್ನು ನಾನೇ ಯಂತ್ರದಲ್ಲಿ ಹಾಕಿ, ಹನ್ನೊಂದಕ್ಕೂ ಸಹಿ ಮಾಡಿ ಕೊಟ್ಟಿದ್ದೆ. ಈ ಗೂಟಗಳು ನೋಡಿದರೆ ಆ ಹನ್ನೊಂದರಲ್ಲಿ ಒಂದಾದ ಅಜ್ಜಿಯರ ನೀರಿನ ಕಡೆಗೇ ನೆಟ್ಟಗೆ ಹತ್ತುತ್ತಿದ್ದವು.

ನನಗೆ ಮೈಯೆಲ್ಲ ಉರಿಯಿತು. ಒಂದೊಂದನ್ನೇ ಅಲುಗಿಸಿ ಕೀಳುತ್ತ ಹತ್ತಿದೆ. ಮೈದುನ ಹಿಂದಿನಿಂದ, “ಅತ್ತಿಗೆ, ಕಿತ್ತರೆ ನಾಳೆ ಮತ್ತೆ ನೆಡ್ತಾರೆ, ಅವರ ಹತ್ರ ಲಾರಿ ತುಂಬ ಗೂಟ ಇದೆ” ಎಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಏಳನೆಯದನ್ನು ಕಿತ್ತು ತಲೆಯೆತ್ತಿದಾಗ ಅವನು ಹತ್ತು ಹೆಜ್ಜೆ ಹಿಂದೆಯೇ, ಒಂದು ಚಪ್ಪಟೆ ಕಲ್ಲಿನ ಪಕ್ಕ ನಿಂತುಬಿಟ್ಟಿದ್ದ. ನಾನೂ ನಿಂತೆ. ಮೇಲೆ ಬಂಡೆಗಳ ಸಂದಿಯಲ್ಲಿ ಇನ್ನೂ ನಾಲ್ಕೈದು ಕೆಂಪು ಪಟ್ಟಿಗಳು ಗಾಳಿಗೆ ಆಡುತ್ತಿದ್ದವು. ಅವನ್ನು ಕೀಳಲು ಹೋಗಲಿಲ್ಲ. ಹೋಗುವ ಹಾಗಿಲ್ಲ.

ನಮ್ಮಲ್ಲಿ ಹಿರಿಯರ ಜಾಗಕ್ಕೆ ಹೋಗುವುದೆಂದರೆ ನಿಲ್ಲುವ ಕಲ್ಲಿನವರೆಗೆ ಹೋಗುವುದು. ದಾರಿಯಲ್ಲಿ ಒಂದು ಕಲ್ಲು ಇರುತ್ತದೆ. ಅಲ್ಲಿ ಕಾಲಿಗೆ ಹಾಕಿದ್ದನ್ನು ಬಿಚ್ಚಿ, ನಾನು ಇಂಥವಳ ಮಗಳು, ಇಂಥವಳ ಮೊಮ್ಮಗಳು, ಇಂಥ ಕೆಲಸಕ್ಕೆ ಬಂದೆ ಎಂದು ಹೇಳಿ, ಏದುಸಿರು ಇಳಿಯುವವರೆಗೆ ಕಾದು, ಹಿಂದಿರುಗುತ್ತೇವೆ. ಅಲ್ಲಿಂದ ಮುಂದಿನ ಇನ್ನೂರು ಹೆಜ್ಜೆ ಮನೆಯ ಹಿರಿಯ ಹೆಂಗಸಿನದು. ಅವಳು ಕರೆದುಕೊಂಡು ಹೋದರೆ ಮಾತ್ರ ಉಳಿದವರಿಗೆ ದಾರಿ. ನನ್ನನ್ನು ಒಂದೇ ಒಂದು ಸಲ ದೊಡ್ಡಮ್ಮ ಒಳಗೆ ಕರೆದುಕೊಂಡು ಹೋಗಿದ್ದಳು, ಅಮ್ಮ ಸತ್ತ ವರ್ಷ.

ಸರ್ವೆಯವನ ಕಚೇರಿ ಎಂದರೆ ಪೇಟೆಯ ಹೊರಗೆ ತಂದಿಳಿಸಿದ ಒಂದು ತಗಡಿನ ಪೆಟ್ಟಿಗೆ. ಒಳಗೆ ಒಂದು ಫ್ಯಾನು, ಗೋಡೆ ತುಂಬ ನಕ್ಷೆ, ಮೂಲೆಯಲ್ಲಿ ಒದ್ದೆ ಸಾಕ್ಸು. ಮುಕ್ಕಾಲಿಯ ಮೇಲೆ ದುರ್ಬೀನು ಇಟ್ಟುಕೊಂಡು ತಿಂಗಳಿಂದ ಗುಡ್ಡ ಸುತ್ತುತ್ತಿದ್ದ ಅವನಿಗೆ ದೊಡ್ಡಮ್ಮ ಮೂರುಕಾಲಿನವನು ಎಂದು ಹೆಸರಿಟ್ಟಿದ್ದಳು. ಮೂವತ್ತೈದರ ಆಸುಪಾಸು, ತೆಳ್ಳಗೆ, ಎಷ್ಟು ಬೈದರೂ ದನಿ ಏರಿಸದವನು. ಅಂಥವರನ್ನು ಕಂಡರೆ ನನಗೆ ಇನ್ನಷ್ಟು ಸಿಟ್ಟು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಕುರುಡ ಅಂದೆ, ಕೊಟ್ಟ ಮಾತಿಗೆ ಬೆಲೆ ಇಲ್ಲದವನು ಅಂದೆ.

ಅವನು ಗೂಟಗಳನ್ನು ಒತ್ತಟ್ಟಿಗೆ ಸರಿಸಿ, ನಕ್ಷೆ ಹಾಸಿ, ಒಂದು ಕಪ್ಪು ಚುಕ್ಕೆಯ ಮೇಲೆ ಪೆನ್ನಿನ ತುದಿಯಿಟ್ಟ.

“ಮೇಡಂ, ನೀವು ಕೊಟ್ಟ ಗುರುತು ಇಲ್ಲಿದೆ. ರಸ್ತೆ ಮೊದಲು ಇದರ ಮೇಲೇ ಹೋಗ್ಬೇಕಿತ್ತು. ನಿಮ್ಮ ಜಾಗ ಅಂತ ನೂರೈವತ್ತು ಮೀಟರ್ ಪಶ್ಚಿಮಕ್ಕೆ ಸರಿಸಿದೀನಿ. ನಿಯಮ ಅಷ್ಟೇ ಇರೋದು.”

ನಾನು ಬಗ್ಗಿ ನೋಡಿದೆ. ಹೊಳೆ ತಿರುಗುವ ಕಡೆ, ಒಂಟಿ ಮರ, ನಮ್ಮ ಮನೆಯವರ ದಾರಿ ಎಲ್ಲ ಅದರಲ್ಲಿ ಸರಿಯಾಗಿತ್ತು. ಚುಕ್ಕೆ ಬಿದ್ದದ್ದು ಮಾತ್ರ ನಮ್ಮ ನಿಲ್ಲುವ ಕಲ್ಲಿನ ಮೇಲೆ. ನೀರು ಅಲ್ಲಿಂದ ಇನ್ನೂರು ಹೆಜ್ಜೆ ಪಶ್ಚಿಮಕ್ಕೆ. ಪಕ್ಕದಲ್ಲಿ ನನ್ನ ದುಂಡು ಅಕ್ಷರದ ಸಹಿ.

ನಾಲ್ಕು ವರ್ಷದ ಹಿಂದೆ ಯಂತ್ರ ಹಿಡಿದು ಹೋದ ದಿನ ನೆನಪಾಯಿತು. ಜಾಗಕ್ಕೆ ಹೋಗಿ ಗುಂಡಿ ಒತ್ತಿ ಎಂದು ಇಲಾಖೆಯವರು ಹೇಳಿಕೊಟ್ಟಿದ್ದರು. ನಾನು ಹೋದೆ. ಕಲ್ಲಿನ ಹತ್ತಿರ ಕಾಲು ನಿಂತಿತು. ಬೂಟು ಬಿಚ್ಚಿದೆ, ಯಾರ ಮಗಳು ಎಂದು ಹೇಳಿದೆ, ಉಸಿರು ಇಳಿದ ಮೇಲೆ ಗುಂಡಿ ಒತ್ತಿದೆ. ಹನ್ನೊಂದು ಕಡೆಯೂ ಹಾಗೆಯೇ. ತಪ್ಪು ಮಾಡುತ್ತಿದ್ದೇನೆ ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಮೈದುನ ಪಕ್ಕದಲ್ಲೇ ಇದ್ದ, ಅವನಿಗೂ ಅನ್ನಿಸಲಿಲ್ಲ. ನಮ್ಮವರಲ್ಲಿ ಯಾರಿಗೂ ಅನ್ನಿಸುತ್ತಿರಲಿಲ್ಲ.

ನಾನು ಗುರುತು ಕೊಡದೆ ಮನೆಯಲ್ಲಿ ಮಲಗಿದ್ದರೆ ರಸ್ತೆ ಕಲ್ಲಿನ ಮೇಲೆ ಹೋಗಿ, ನೀರು ಉಳಿಯುತ್ತಿತ್ತು. ನಾನು ಕಾವಲು ಕಾದದ್ದಕ್ಕೇ ರಸ್ತೆ ನೀರಿನ ಮೇಲೆ ಬಂದಿತ್ತು.

“ಅಲ್ಲಿ ಏನಿದೆ ಮೇಡಂ?” ಎಂದು ಅವನು ಕೇಳಿದ. “ನಮ್ಮ ಹುಡುಗರು ಗೂಟ ಹೊಡೆಯೋವಾಗ ಬಂಡೆ, ಸ್ವಲ್ಪ ನೀರು ಇತ್ತು ಅಂದ್ರು.”

ಗುರುತು ತಪ್ಪಾಗಿದೆ, ನಮ್ಮ ಜಾಗ ಅದಲ್ಲ ಎಂದಷ್ಟೇ ಹೇಳಿದೆ. ಮೈದುನ ಬಾಗಿಲಲ್ಲಿ ನಿಂತು ಸುಮ್ಮನೆ ಕೆಮ್ಮಿದ. ಶುಕ್ರವಾರ ಕಡತ ಮೇಲಕ್ಕೆ ಹೋಗುತ್ತದೆ, ಆಮೇಲಿನ ಸೋಮವಾರ ಬುಲ್ಡೋಜರ್ ಬರುತ್ತದೆ, ಅದರೊಳಗೆ ಸರಿಯಾದ ಗುರುತು ಮತ್ತು ಹಳೆಯದು ತಪ್ಪೆಂದು ಒಂದು ಪತ್ರ ತಂದರೆ ತನ್ನ ಕೈಲಾದದ್ದು ಮಾಡುತ್ತೇನೆ ಎಂದು ಸರ್ವೆಯವನು ಹೇಳಿದ. ನಾಲ್ಕು ದಿನ ಇತ್ತು.

ಅದೇ ಮಧ್ಯಾಹ್ನ ನಮ್ಮ ಸಾಹೇಬರ ಕೋಣೆಗೆ ಹೋದೆ. ಅವರು ಒಳ್ಳೆಯವರು, ನಿವೃತ್ತಿಗೆ ಒಂದು ವರ್ಷ ಇತ್ತು, ಮೇಜಿನ ಗಾಜಿನ ಕೆಳಗೆ ಮೊಮ್ಮಗಳ ಫೋಟೋ. ನಾನು ಹೇಳಿದ್ದನ್ನು ಕೇಳಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಒಂದು ಗುರುತು ತಪ್ಪು ಎಂದರೆ ಉಳಿದ ಹತ್ತರ ಗತಿಯೇನು ಎಂದು ಮೇಲಿನವರು ಕೇಳುತ್ತಾರೆ, ಆರು ವರ್ಷ ನೀವು ಬರೆದ ಹೊಳೆಯ ಮಟ್ಟ, ಹಕ್ಕಿಗಳ ಎಣಿಕೆ ಎಲ್ಲವನ್ನೂ ಅನುಮಾನಿಸುತ್ತಾರೆ, ಈ ಕಾವಲೇ ಬೇಡ ಎನ್ನುವವರಿಗೆ ನಾವೇ ಕೋಲು ಕೊಟ್ಟ ಹಾಗಾಗುತ್ತದೆ ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, “ಯಂತ್ರ ಕೆಟ್ಟಿತ್ತು ಅಂತ ಬರೆದುಬಿಡಮ್ಮ. ಯಂತ್ರಕ್ಕೆ ಯಾರೂ ಕಾರಣ ಕೇಳಲ್ಲ” ಎಂದರು.

ಆ ಮಾತು ನನಗೆ ಹಿಡಿಸಿತು. ಸುಳ್ಳು ಹೇಳುವುದಿಲ್ಲ, ದಾರಿಯುದ್ದಕ್ಕೂ ಆ ಪತ್ರವನ್ನು ಮನಸ್ಸಿನಲ್ಲಿ ಬರೆಯುತ್ತಲೇ ಹೋದೆ. ಆದರೆ ಮೊದಲು ಹೊಸ ಗುರುತು ಬೇಕಿತ್ತು. ಅದಕ್ಕೆ ಒಳಗೆ ಹೋಗಬೇಕು. ಒಳಗೆ ಹೋಗಲು ದೊಡ್ಡಮ್ಮ ಹೂಂ ಅನ್ನಬೇಕು.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ, ಎಪ್ಪತ್ತೆಂಟು ದಾಟಿದೆ. ಮೊಣಕಾಲು ಹಿಡಿದು ಮೂರು ವರ್ಷದಿಂದ ಗುಡ್ಡ ಹತ್ತಿಲ್ಲ. ಹಿತ್ತಿಲ ಬಾಗಿಲಲ್ಲಿ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಕಲ್ಲಿನ ಹತ್ತಿರ ನಿಂತು ಗುಂಡಿ ಒತ್ತಿದೆ ಎಂಬಲ್ಲಿಗೆ ಬಂದಾಗ ಅವಳು ನಗಲು ಶುರು ಮಾಡಿದಳು. ಮೊರ ಪಕ್ಕಕ್ಕಿಟ್ಟು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

“ಅಷ್ಟು ದೊಡ್ಡ ಬಾಯಿ ಇಟ್ಕೊಂಡು, ಅಲ್ಲಿಗೆ ಹೋದಾಗ ಮಾತ್ರ ನಿನ್ನಮ್ಮನ ಮಗಳಾಗಿಬಿಟ್ಯಲ್ಲೇ,” ಎಂದಳು.

ನಾನು ಒಳಗೆ ಹೋಗಿ ಗುರುತು ಹಾಕಿಕೊಂಡು ಬರಲು ಅಪ್ಪಣೆ ಕೇಳಿದೆ. ನಗು ಅಲ್ಲಿಗೇ ನಿಂತಿತು. ಕಾಗದದ ಮೇಲೆ ಒಂದು ಸಲ ಬಂದರೆ ಆ ಕಾಗದ ಯಾರ ಕೈಗೆ ಬೇಕಾದರೂ ಹೋಗುತ್ತದೆ ಎಂದಳು. ಹೊಳೆಯ ಕೆಳಗಿನ ಕೈಗುರುತುಗಳ ಬಂಡೆಯನ್ನು ನೆನಪಿಸಿದಳು. ನಾನು ಚಿಕ್ಕವಳಿದ್ದಾಗ ಯಾರೋ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಪ್ರವಾಸಿಗಳ ನಕ್ಷೆಯಲ್ಲಿ ಹಾಕಿಸಿದ್ದರು. ಈಗ ಅಲ್ಲಿ ಹಿರಿಯರ ಕೈಗಳ ಮೇಲೆ ಕಂಡವರ ಹೆಸರುಗಳು, ಬಾಣ ಚುಚ್ಚಿದ ಹೃದಯಗಳು.

ಅವಳ ಮಾತು ಸರಿ ಎಂದು ಗೊತ್ತಿದ್ದದ್ದಕ್ಕೇ ನನಗೆ ಇನ್ನೂ ಸಿಟ್ಟು ಬಂತು. “ನಿನ್ನ ಗುಟ್ಟನ್ನ ನೀನೇ ಇಟ್ಕೊಂಡು ಕೂತ್ಕೋ. ಸೋಮವಾರ ಅದರ ಮೇಲೆ ಟಾರು ಹಾಕ್ತಾರೆ, ಆಮೇಲೆ ಯಾರಿಗೂ ತೋರಿಸೋ ಭಯವೇ ಇರಲ್ಲ” ಎಂದು ಹೇಳಿ ಹೊರಟೆ. ಎಪ್ಪತ್ತೆಂಟು ವರ್ಷದವಳಿಗೆ ಆಡುವ ಮಾತಲ್ಲ ಅದು. ಗೇಟಿನ ಹತ್ತಿರ ಹೋಗಿದ್ದೆ, ಹಿಂದಿನಿಂದ ಕರೆದಳು.

“ಏ ಹುಡುಗಿ. ಅಲ್ಲಿಗೆ ನಮ್ಮ ಮನೆಯವರು ಮಾತ್ರ ಹೋಗ್ತಿದ್ರಾ?”

ನಾನು ತಿರುಗಿ ನೋಡಿದೆ.

“ನಮ್ಮ ಕಲ್ಲು ಪೂರ್ವದ್ದು. ನಿನ್ನ ಗಂಡನ ಮನೆಯವರದ್ದು ದಕ್ಷಿಣಕ್ಕಿದೆ. ಗಿರಣಿಯವನ ಅಜ್ಜಿ ಪಶ್ಚಿಮದಿಂದ ಬರ್ತಿದ್ಲು. ಉತ್ತರದ ಮನೆಯವರೂ ಇದ್ರು, ಈಗಿಲ್ಲ. ನೀನು ಒಂದು ಕಲ್ಲಿನ ಹತ್ರ ನಿಂತು ಒತ್ತಿದೆ. ನಾಲ್ಕೂ ಕಡೆ ನಿಂತು ಒತ್ತು. ಒಳಗೆ ಯಾಕೆ ಹೋಗ್ಬೇಕು?”

ಬೆಳಿಗ್ಗೆ ಮೈದುನ ಆ ಚಪ್ಪಟೆ ಕಲ್ಲಿನ ಪಕ್ಕ ನಿಂತದ್ದು ಆಗ ತಲೆಗೆ ಹೊಳೆಯಿತು. ಏಳು ಗೂಟ ಹೊತ್ತುಕೊಂಡು ಉರಿಯುತ್ತಿದ್ದ ನನಗೆ ಏಕೆ ನಿಂತೆ ಎಂದು ಕೇಳುವಷ್ಟು ವ್ಯವಧಾನ ಇರಲಿಲ್ಲ. ಉತ್ತರದವರ ಕಲ್ಲು ಎಲ್ಲಿದೆ ಎಂದು ದೊಡ್ಡಮ್ಮನನ್ನು ಕೇಳಿದೆ. ತಾನು ಆ ದಾರಿಯಲ್ಲಿ ಎಂದೂ ಹೋದವಳಲ್ಲ ಎಂದಳು. ಆದರೆ ಕಲ್ಲುಗಳನ್ನು ಹಿರಿಯರು ಮನಸ್ಸಿಗೆ ಬಂದಲ್ಲಿ ಇಟ್ಟವರಲ್ಲ. ಬಂಡೆಯ ಮೇಲಿಂದ ನೀರು ಬೀಳುವ ಸದ್ದು ಮೊದಲು ಎಲ್ಲಿ ಕಿವಿಗೆ ಬೀಳುತ್ತದೋ ಅಲ್ಲಿ ಇಟ್ಟಿದ್ದರು. ಕೇಳಿಸಿದ ಮೇಲೆ ಬಂದದ್ದಾಯಿತು, ಇನ್ನು ನೋಡುವುದೇನಿದೆ ಎಂಬುದು ಅವರ ಲೆಕ್ಕ.

ಮಂಗಳವಾರ ಪೂರ್ವದ್ದು, ದಕ್ಷಿಣದ್ದು ಎರಡೂ ಮುಗಿದವು. ಪಶ್ಚಿಮದ್ದಕ್ಕೆ ಗಿರಣಿಯವನ ಹತ್ತಿರ ಹೋಗಬೇಕಿತ್ತು. ಅವನೂ ನಾನೂ ಮಾತಾಡದೆ ಐದು ವರ್ಷವಾಗಿತ್ತು. ಕಾವಲು ಶುರುವಾದ ಹೊಸದರಲ್ಲಿ ಅವನು ತುಂಬಿದ ಸಭೆಯಲ್ಲಿ ನಮ್ಮನ್ನು ಸರ್ಕಾರದ ಅಂಗಿ ತೊಟ್ಟ ಬಾಡಿಗೆ ಕಾವಲು ಎಂದಿದ್ದ. ನಾನು ಅವನನ್ನು ತೌಡಿನ ಮೂಟೆ ಎಂದಿದ್ದೆ. ಅವನ ಮಾತನ್ನು ಎಲ್ಲರೂ ಮರೆತರು. ನನ್ನದು ಅವನಿಗೆ ಅಂಟಿಕೊಂಡುಬಿಟ್ಟಿತು.

ಬುಧವಾರ ಗಿರಣಿಗೆ ಹೋದಾಗ ಹಿಟ್ಟಿನ ಧೂಳಿನ ನಡುವೆ ಪಟ್ಟಿ ಬಿಗಿ ಮಾಡುತ್ತಿದ್ದ. ಯಂತ್ರ ನಿಲ್ಲಿಸದೆ, “ತೌಡಿನ ಮೂಟೆ ಹತ್ರ ಏನಮ್ಮಾ ಕೆಲಸ?” ಎಂದ. ನಾನು ಆ ಮಾತು ಆಡಬಾರದಿತ್ತು ಎಂದೆ. ಗಿರಣಿಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಅಥವಾ ಕೇಳಿಸಲಿಲ್ಲ ಎಂದು ನಟಿಸಿದ. ಇನ್ನೊಮ್ಮೆ ಕೂಗಿ ಹೇಳಬೇಕಾಯಿತು. ಹಿಟ್ಟಿಗೆ ಕಾದು ಕೂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಆಗ ಯಂತ್ರ ನಿಲ್ಲಿಸಿದ.

ಅವನೇ ಮುಂದೆ ನಡೆದು ಅಜ್ಜಿಯ ಕಲ್ಲನ್ನು ತೋರಿಸಿ, ಅದರ ಅಂಚಿಗೆ ಕಾಲಿನ ಹೆಬ್ಬೆರಳು ಒತ್ತಿ ನಿಂತ. ನಾನು ಜಿಪಿಎಸ್ ಹಿಡಿದು ಪಕ್ಕಕ್ಕೆ ಹೋದರೆ, “ನಿನ್ನ ಯಂತ್ರ ನನ್ನ ಹೆಬ್ಬೆರಳಿನಿಂದ ಮುಂದೆ ಬರಬಾರದು” ಎಂದ. ಅಲ್ಲಿವರೆಗೆ ಬರಗೊಟ್ಟದ್ದೇ, ನಾನು ಬಾಡಿಗೆ ಕಾವಲು ಅಲ್ಲ ಎಂದು ಅವನು ಒಪ್ಪಿಕೊಂಡ ಹಾಗೆ. ಬಾಯಿಬಿಟ್ಟು ಇವತ್ತಿಗೂ ಹೇಳಿಲ್ಲ.

ಗುರುವಾರ ಉತ್ತರಕ್ಕೆ ಸರ್ವೆಯವನನ್ನೂ ಕರೆದುಕೊಂಡು ಹೋದೆ. ಕಲ್ಲು ಸಿಗದಿದ್ದರೆ ನಾವು ಎಲ್ಲೋ ಒಂದು ಕಡೆ ಒತ್ತಿಕೊಂಡು ಬಂದೆವು ಎನ್ನುವ ಮಾತು ಬರಬಾರದಿತ್ತು. ಅವನು ಮುಕ್ಕಾಲಿ ಹೊತ್ತುಕೊಂಡು ಹೊರಟ. ಅದನ್ನು ಬಿಟ್ಟು ಬರುವಂತೆ, ಮಾತಾಡದೆ ನಡೆಯುವಂತೆ, ನೀರಿನ ಸದ್ದು ಕೇಳಿಸಿದ ಕೂಡಲೇ ನಿಲ್ಲುವಂತೆ ಹೇಳಿದೆ. ಮೈದುನ, ಅವನು, ನಾನು, ಮೂವರೂ ಹತ್ತು ಹತ್ತು ಹೆಜ್ಜೆ ದೂರ ಬಿಟ್ಟು ಏರಿದೆವು. ದಾರಿ ಎಂಬುದು ಉಳಿದಿರಲಿಲ್ಲ. ಮುಳ್ಳುಪೊದೆ, ಸಡಿಲ ಜಲ್ಲಿ. ನನ್ನ ಉಸಿರಿನ ಸದ್ದು ಬಿಟ್ಟು ನನಗೆ ಏನೂ ಕೇಳುತ್ತಿರಲಿಲ್ಲ.

ಸರ್ವೆಯವನು ನಿಂತ. ನಾನು ಇನ್ನೂ ಮೂವತ್ತು ಹೆಜ್ಜೆ ಹೋದ ಮೇಲೆ ನನಗೆ ಕೇಳಿಸಿತು. ಮೈದುನ ನಮ್ಮಿಬ್ಬರ ನಡುವೆ ನಿಂತಿದ್ದ.

“ಆರು ವರ್ಷ ಹುಲ್ಲು ಕತ್ತರಿಸೋ ಮಷಿನ್ ಹಿಡಿದ ಕಿವಿ ಅತ್ತಿಗೆ,” ಎಂದ.

ಕೆಳಗಿಳಿದು ಸರ್ವೆಯವನ ಪಕ್ಕ ನಿಂತು ಉಸಿರು ಬಿಗಿಹಿಡಿದೆ. ಎಲ್ಲೋ ದೂರದಲ್ಲಿ ಯಾರೋ ಪಾತ್ರೆ ತೊಳೆಯುತ್ತಿರುವಂತೆ ಸಣ್ಣಗೆ ಕೇಳಿಸಿತು. ಸುತ್ತ ಹುಲ್ಲು ಸರಿಸಿ ಹುಡುಕಿದೆವು. ಕಲ್ಲು ಸಿಗಲಿಲ್ಲ. ಜಾರಿ ಹೋಗಿರಬಹುದು, ಮಣ್ಣಿನಡಿ ಇರಬಹುದು. ಆ ಮನೆಯವರ ಹೆಸರು ಹೇಳಲು ಯಾರೂ ಇಲ್ಲದ್ದರಿಂದ ನಾನೇ ಹೇಳಿದೆ. ಉತ್ತರದ ಮನೆಯವರ ಪರವಾಗಿ ಬಂದಿದ್ದೇವೆ, ಜೊತೆಗೆ ಹೊರಗಿನವನೊಬ್ಬ ಇದ್ದಾನೆ, ಅವನಿಗೆ ಕಿವಿ ಚುರುಕಾಗಿದೆ ಎಂದೆ. ಅವನು ತಾನಾಗಿಯೇ ಬೂಟು ಬಿಚ್ಚಿದ್ದ. ಅವನು ನಿಂತಲ್ಲೇ ಗುಂಡಿ ಒತ್ತಿದೆವು.

ತಗಡಿನ ಪೆಟ್ಟಿಗೆಗೆ ಮರಳಿ ಅವನು ನಾಲ್ಕು ಗುರುತುಗಳನ್ನು ಗೆರೆಯೆಳೆದು ಸೇರಿಸಿದ. ಓರೆಕೋರೆಯಾದ, ಮೊಟ್ಟೆಯಂಥ ಒಂದು ಸುತ್ತು ಬಂತು. ಮೊದಲು ಚುಕ್ಕೆ ಇದ್ದ ಕಡೆ ಈಗ ಒಂದು ಬೇಲಿ. ಬೇಲಿಯ ಒಳಗೆ ಏನೆಂದು ಬರೆಯಲಿ ಎಂದು ಕೇಳಿದ. ಏನೂ ಬೇಡ ಎಂದೆ. ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರೆ ಎಂದ. ಕೇಳಲಿ ಎಂದೆ.

ಉಳಿದದ್ದು ಪತ್ರ. ಶುಕ್ರವಾರ ಬೆಳಿಗ್ಗೆ ಸಾಹೇಬರ ಎದುರಿನ ಬೆಂಚಿನಲ್ಲಿ ಕೂತು ಯಂತ್ರ ಕೆಟ್ಟಿತ್ತು ಎಂದೇ ಶುರು ಮಾಡಿದೆ. ಒಂದು ಸಾಲು ಬರೆದ ಮೇಲೆ ಕೈ ಮುಂದೆ ಹೋಗಲಿಲ್ಲ. ಯಂತ್ರ ಕೆಟ್ಟಿತ್ತು ಎಂದರೆ ಕೆಟ್ಟದ್ದು ಇದೊಂದೇ ಜಾಗದಲ್ಲಿ ಎಂದಾಗುತ್ತದೆ. ಉಳಿದ ಹತ್ತು ಚುಕ್ಕೆಗಳು ಹಾಗೆಯೇ ಉಳಿಯುತ್ತವೆ. ನಾಳೆ ಇನ್ನೊಂದು ರಸ್ತೆ ಬರುತ್ತದೆ, ಇನ್ನೊಬ್ಬ ಒಳ್ಳೆಯ ಸರ್ವೆಯವನು ಬರುತ್ತಾನೆ, ನಮ್ಮ ಮಾತಿಗೆ ಬೆಲೆ ಕೊಟ್ಟು ನೂರೈವತ್ತು ಮೀಟರ್ ಸರಿಸುತ್ತಾನೆ. ಆ ಹಾಳೆಯನ್ನು ಹರಿದು ಬೇರೆ ತೆಗೆದುಕೊಂಡೆ.

“ಹನ್ನೊಂದು ಗುರುತುಗಳನ್ನೂ ನಾನೇ ಹಾಕಿದ್ದು. ಯಂತ್ರ ಸರಿಯಿತ್ತು. ನಾನು ನಿಂತ ಜಾಗವೂ ಸರಿಯಿತ್ತು. ನಮ್ಮವರು ನಿಲ್ಲುವುದೇ ಅಲ್ಲಿ. ಅದನ್ನು ಜಾಗವೆಂದು ಬರೆದುಕೊಟ್ಟದ್ದು ನನ್ನ ತಪ್ಪು. ಹನ್ನೊಂದನ್ನೂ ಮತ್ತೆ ಮಾಡಬೇಕು,” ಎಂದು ಬರೆದು ಸಹಿ ಹಾಕಿದೆ.

ಸಾಹೇಬರು ಎರಡು ಸಲ ಓದಿದರು. “ಇದಕ್ಕೆ ನಿನ್ನ ಮೇಲೆ ಕ್ರಮ ಆಗುತ್ತೆ, ಗೊತ್ತಲ್ಲ” ಎಂದರು. ಗೊತ್ತು ಎಂದೆ. ಕಡತದೊಳಗೆ ಸೇರಿಸಿದರು.

ಕ್ರಮ ಆಯಿತು. ಮೂರು ವಾರದೊಳಗೆ ಮುಖ್ಯಸ್ಥೆಯ ಸ್ಥಾನ ಹೋಯಿತು. ಹನ್ನೊಂದು ಜಾಗಗಳ ಕೆಲಸ ಮುಗಿಯುವವರೆಗೆ ನಮ್ಮ ದಾಖಲೆಗಳನ್ನು ಬದಿಗಿಡಲಾಗಿದೆ ಎಂದು ಒಂದು ಓಲೆ ಬಂತು. ಆರು ವರ್ಷದ ಹೊಳೆಯ ಮಟ್ಟ ಈಗ ಒಂದು ರಟ್ಟಿನ ಡಬ್ಬಿಯಲ್ಲಿದೆ. ಈಗ ಮೈದುನ ಮುಖ್ಯಸ್ಥ. ಬೆಳಿಗ್ಗೆ ಹಾಜರಿ ಪುಸ್ತಕ ಮುಂದೆ ಇಟ್ಟುಕೊಂಡು, “ಅತ್ತಿಗೆಯವರು ಎರಡು ನಿಮಿಷ ತಡ” ಎಂದು ಗಟ್ಟಿಯಾಗಿ ಓದಿ ಬರೆಯುತ್ತಾನೆ. ನಾನು ಬೈಯುತ್ತೇನೆ. ಅದನ್ನೂ ಬರೆಯುತ್ತೇನೆ ಎನ್ನುತ್ತಾನೆ. ರಸ್ತೆ ಮಾತ್ರ ಸರಿಯಿತು. ಪೂರ್ವಕ್ಕೆ, ಕೆಳಗೆ, ನಮ್ಮ ಕಾವಲು ಕೊಠಡಿಯ ಹಿಂಗೋಡೆಯನ್ನು ಸವರಿಕೊಂಡು ಹೋಗುತ್ತದಂತೆ. ಮುಂದಿನ ವರ್ಷದಿಂದ ಧೂಳು ಕುಡಿಯುವವರು ನಾವೇ.

ಒಳಗೆ ಉಳಿದ ಗೂಟಗಳನ್ನು ತರುವ ಕೆಲಸ ಬಾಕಿ ಇತ್ತು. ಐದು ಎಂದು ಸರ್ವೆಯವನು ತನ್ನ ಪುಸ್ತಕ ನೋಡಿ ಹೇಳಿದ್ದ. ದೊಡ್ಡಮ್ಮ ತಾನೇ ಹೋಗುತ್ತೇನೆ ಎಂದು ಹಟ ಹಿಡಿದಳು. ಒಂದು ಭಾನುವಾರ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎರಡು ಕಡೆ ಬಿದಿರು ಕಟ್ಟಿ, ಮೈದುನ ಮುಂದೆ, ಗಿರಣಿಯವನು ಹಿಂದೆ ಹೊತ್ತರು. ಏರಿನುದ್ದಕ್ಕೂ ಅವಳು ಗಿರಣಿಯವನಿಗೆ, ನಿನ್ನಜ್ಜಿ ಇದಕ್ಕಿಂತ ಚೆನ್ನಾಗಿ ಹತ್ತುತ್ತಿದ್ದಳು ಎಂದು ಹೇಳುತ್ತಲೇ ಇದ್ದಳು. ಪೂರ್ವದ ಕಲ್ಲಿನ ಹತ್ತಿರ ಇಳಿಸಿದೆವು. ಕೋಲೂರಿಕೊಂಡು ಒಬ್ಬಳೇ ಒಳಗೆ ಹೋದಳು. ನಾವು ಕಾದೆವು. ಒಂದು ಗಂಟೆಗೂ ಮೇಲಾಯಿತು. ನಾನು ನಾಲ್ಕು ಸಲ ಎದ್ದು ನಿಂತೆ, ನಾಲ್ಕು ಸಲವೂ ಮೈದುನ ಕಣ್ಣಲ್ಲೇ ಕೂರಿಸಿದ.

ಬಂದಳು. ಕಂಕುಳಲ್ಲಿ ಗೂಟಗಳು, ಕೋಲಿನ ತುದಿಯಲ್ಲಿ ಒದ್ದೆ ಮಣ್ಣು. ಕುರ್ಚಿಯಲ್ಲಿ ಕುಕ್ಕರಿಸಿ ಗೂಟಗಳನ್ನು ನನ್ನ ಕಾಲ ಬಳಿ ಹಾಕಿದಳು. ಎಣಿಸಿದೆ. ನಾಲ್ಕು.

“ಐದು ಇರ್ಬೇಕಲ್ಲ ದೊಡ್ಡಮ್ಮ,” ಎಂದೆ.

“ಇದೆ. ಅಲ್ಲೇ ಇದೆ.” ಮೊಣಕಾಲು ನೀವಿಕೊಂಡಳು. “ಅದನ್ನ ನಿನಗೆ ಬಿಟ್ಟು ಬಂದಿದೀನಿ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ. ಹೋಗು.”

ಮೈದುನ, ಗಿರಣಿಯವನು ಇಬ್ಬರೂ ಬೇರೆ ಕಡೆ ನೋಡಿದರು. ನಾನು ಬೂಟಿನ ದಾರ ಬಿಚ್ಚಲು ಬಗ್ಗಿದೆ. ಗಂಟು ಬಿಗಿದುಕೊಂಡಿತ್ತು, ಬಹಳ ಹೊತ್ತು ಹಿಡಿಯಿತು. ಕಲ್ಲಿನ ಪಕ್ಕ ನಿಂತು ಅಮ್ಮನ ಹೆಸರು ಹೇಳಿದೆ, ಅಜ್ಜಿಯ ಹೆಸರು ಹೇಳಿದೆ. ಯಾವ ಕೆಲಸಕ್ಕೆ ಬಂದೆ ಎಂದು ಹೇಳಿದೆ. ಉಸಿರು ಇಳಿಯುವವರೆಗೆ ಕಾದೆ. ಕಾಲು ಅಭ್ಯಾಸದಂತೆ ಹಿಂದಕ್ಕೆ ತಿರುಗಲು ನೋಡಿತು. ಅದನ್ನು ಮುಂದಕ್ಕೆ ಇಟ್ಟೆ.

ಒಳಗೆ ಕಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ಗೂಟ ತಂದೆ.